ಹದ ಮೀರುವ ಮುನ್ನ

ನಮ್ಮ ಶ್ರೀಮಠಕ್ಕೆ ಪ್ರತಿ ವರ್ಷ ಶ್ರಾವಣ ಮಾಸದಲ್ಲಿ ತಪ್ಪದೆ ಬರುವ ತರುಣನೊಬ್ಬನಿದ್ದಾನೆ. ಒಳ್ಳೆಯ ಮನೆತನದ ಹುಡುಗ. ಐ.ಟಿ.ಐ. ಓದಿ, ತಾಲ್ಲೂಕಿನ ಊರಿನಲ್ಲಿ ಪಂಪ್‌ಸೆಟ್ ಮೋಟಾರುಗಳ ವೈಂಡಿಂಗ್ ಮಾಡುವ ಅಂಗಡಿಯೊಂದರಲ್ಲಿ ಆರು ವರ್ಷ ದುಡಿದವನು. ತನ್ನ ಹಳ್ಳಿಯಲ್ಲಿಯೇ ಸ್ವಂತದ್ದೊಂದು ಅಂಗಡಿ ಹಾಕಬೇಕೆಂಬುದು ಅವನ ಆಸೆ. ಮೊದಲ ವರ್ಷ ಬಂದು ಆಶೀರ್ವಾದ ಬೇಡಿದ. ಹರಸಿ ಕಳುಹಿಸಿದೆವು. ಎರಡನೆಯ ವರ್ಷ ಬಂದಾಗ ಅಂಗಡಿ ಎಲ್ಲಿಗೆ ಬಂತು ತಮ್ಮಾ ಎಂದು ಕೇಳಿದರೆ, ‘ಗ್ರಹಗತಿ ಸರಿ ಇರಲಿಲ್ಲರಿ ಅಜ್ಜಾರ, ಮುಂದಿನ ವರ್ಷ ಚಲೋ ಐತಂತ’ ಎಂದ. ಮೂರನೆಯ ವರ್ಷ ‘ರೊಕ್ಕ ಇನ್ನೊಂದಿಷ್ಟು ಕೂಡಲಿ’ ಎಂದ. ನಾಲ್ಕನೆಯ ವರ್ಷ ‘ಬಸ್ ಸ್ಟ್ಯಾಂಡಿನ ಬಾಜೂಕ ಮಳಿಗಿ ಖಾಲಿ ಆಗತೈತಿ ಅಂದಾರ, ಅದಕ್ಕ ಕಾಯಾಕ ಹತ್ತೀನಿ’ ಎಂದ.

ಅಂದು ನಾವು ಅವನನ್ನು ಹತ್ತಿರ ಕೂಡಿಸಿಕೊಂಡು ಕೇಳಿದೆವು: ‘ಹೋದ ವರ್ಷ ನಿನ್ನ ಕೈಯಿಂದ ಎಷ್ಟು ಮೋಟಾರು ಕಟ್ಟೀದಿ?’ ಮನಸ್ಸಿನಲ್ಲಿಯೇ ಎಣಿಸಿ, ‘ನೂರೈವತ್ತರ ಮ್ಯಾಲ ಆಗ್ಯಾವರಿ’ ಎಂದ. ‘ಅದರಾಗ ತಿರುಗಿ ಬಂದಾವು ಎಷ್ಟು?’ ‘ನಾಕೋ ಐದೋ ಇರಬೇಕ್ರಿ.’ ‘ಮತ್ತ ನಿನಗ ಇನ್ನೇನು ಕಡಿಮಿ ಆಗೇತಿ?’ ಎಂದೆವು. ಹುಡುಗ ತಲೆ ತಗ್ಗಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮೆಲ್ಲಗೆ ಹೇಳಿದ: ‘ಅಲ್ಲಿ ಮೋಟಾರು ಸುಟ್ಟರ ಮಾಲಕರ ಹೆಸರು ಕೆಡತೈತ್ರಿ. ಇಲ್ಲಿ ಸುಟ್ಟರ ನನ್ನ ಹೆಸರು ಕೆಡತೈತಿ.’

ನಾಲ್ಕು ವರ್ಷಗಳಲ್ಲಿ ಅವನ ಬಾಯಿಂದ ಬಂದ ನಿಜವಾದ ಮಾತು ಅದೊಂದೇ. ಗ್ರಹ, ರೊಕ್ಕ, ಮಳಿಗೆ, ಇವೆಲ್ಲ ಆ ಒಂದು ಮಾತನ್ನು ಮುಚ್ಚಿಡಲು ಹೊದಿಸಿದ ಹೊದಿಕೆಗಳು. ಮಠದ ಗದ್ದುಗೆಯ ಮೇಲೆ ಕುಳಿತವರು ಇಂಥ ಹೊತ್ತಿನಲ್ಲಿ ನಾಲ್ಕು ಉಪದೇಶದ ಮಾತು ಹೇಳಬೇಕು. ನಮಗೆ ಬಾಯಿ ಬರಲಿಲ್ಲ. ಏಕೆಂದರೆ ಆ ಹುಡುಗ ಹೇಳಿದ ಮಾತು ನಮ್ಮದೂ ಆಗಿತ್ತು. ಆ ಸಂಗತಿಯನ್ನು ಸದ್ಭಕ್ತರಲ್ಲಿ ಬಿಚ್ಚಿ ಹೇಳದೆ ಮುಂದಿನ ವಿಚಾರ ಹೇಳುವುದು ಪ್ರಾಮಾಣಿಕವಾಗಲಾರದು.

1989ರಲ್ಲಿ ನಾವು ಈ ಪೀಠಕ್ಕೆ ಬಂದಾಗ ಮಠದ ಅಟ್ಟದ ಮೇಲೆ ಒಂದು ಮರದ ಪೆಟ್ಟಿಗೆಯಿತ್ತು. ಅದರಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿದ ತಾಡೋಲೆಯ ನಾಲ್ಕು ಕಟ್ಟುಗಳಿದ್ದವು. ವರ್ಷಕ್ಕೊಮ್ಮೆ ಮಹಾನವಮಿಯಂದು ಪೆಟ್ಟಿಗೆಯನ್ನು ಕೆಳಗಿಳಿಸಿ, ಕಟ್ಟುಗಳಿಗೆ ವಿಭೂತಿ ಹಚ್ಚಿ, ಪತ್ರಿ ಪುಷ್ಪ ಏರಿಸಿ, ಮಂಗಳಾರತಿ ಮಾಡಿ, ಮತ್ತೆ ಅಟ್ಟಕ್ಕೇರಿಸುವುದು ಹಿಂದಿನಿಂದ ನಡೆದು ಬಂದ ಪದ್ಧತಿ. ನಾವೂ ಅದನ್ನೇ ನಡೆಸಿದೆವು. ಊರಿನಲ್ಲಿ ನಿವೃತ್ತರಾದ ಮಾಸ್ತರರೊಬ್ಬರಿದ್ದರು. ಹಳೆಯ ಲಿಪಿಯನ್ನು ತಮ್ಮ ಅಜ್ಜನ ಕೈಯಲ್ಲಿ ಕಲಿತವರು. ಪ್ರತಿ ನವಮಿಗೂ ಬಂದು, ‘ಒಮ್ಮೆ ಬಿಚ್ಚಿ ನೋಡೂಣರಿ ಅಜ್ಜಾರ, ಏನೈತೋ’ ಎನ್ನುತ್ತಿದ್ದರು. ನಾವು, ಬಹಳ ಹಳೆಯವು ಮಾಸ್ತರೇ, ಮುಟ್ಟಿದರೆ ಮುರಿದಾವು, ಯಾರಾದರೂ ದೊಡ್ಡ ಪಂಡಿತರನ್ನು ಕರೆಸಿ ವಿಧಿವತ್ತಾಗಿ ಬಿಚ್ಚಿಸೋಣ ಎನ್ನುತ್ತಿದ್ದೆವು. ಪಂಡಿತರಿಗೆ ಪತ್ರ ಬರೆಯಬೇಕೆಂದು ಎಷ್ಟೋ ಸಲ ಅಂದುಕೊಂಡೆವು. ಬರೆಯಲಿಲ್ಲ. ನಮ್ಮ ಅಳುಕು ಬೇರೆಯೇ ಇತ್ತು. ಸಣ್ಣ ವಯಸ್ಸಿನ ಸ್ವಾಮಿ, ಪೀಠಕ್ಕೆ ಬಂದ ಕೂಡಲೇ ಪೂಜೆಯ ಕಟ್ಟಿಗೆ ಕೈ ಹಾಕಿ ಹಾಳು ಮಾಡಿದ ಎಂದು ಭಕ್ತರು ಅಂದಾರು ಎಂಬ ಅಳುಕು. ಒಂದು ನವಮಿಗೆ ಮಾಸ್ತರರು ಕೈ ಮುಗಿದುಕೊಂಡೇ ಹೇಳಿದರು: ‘ಸಿಟ್ಟಾಗಬ್ಯಾಡ್ರಿ ಅಜ್ಜಾರ. ಪೂಜಿ ಮಾಡಿದ್ದು ಓದಿದಾಂಗ ಆಗಾಂಗಿಲ್ಲರಿ.’

1997ರಲ್ಲಿ ಮಾಸ್ತರರು ಲಿಂಗೈಕ್ಯರಾದರು. 2001ರ ಮಳೆಗಾಲದಲ್ಲಿ ಅಟ್ಟ ಸೋರಿತು. ನೀರಿನ ಹಸಿಗೆ ಗೋಡೆಯೊಳಗಿಂದ ಗೆದ್ದಲು ಎದ್ದಿತ್ತು. ಆ ವರ್ಷದ ನವಮಿಗೆ ಪೆಟ್ಟಿಗೆ ಇಳಿಸಿದಾಗ ಎತ್ತಿದವನು ಹಗುರ ಐತಲ್ಲ ಎಂದ. ಬಟ್ಟೆ ಸರಿಸಿದರೆ ಎರಡು ಕಟ್ಟುಗಳು ಮಣ್ಣಾಗಿದ್ದವು. ಮೂರನೆಯದು ಅರ್ಧ. ಮೇಲಿನ ಕೆಳಗಿನ ಹಲಗೆಗಳು ಮಾತ್ರ ಇದ್ದಂತೆಯೇ ಇದ್ದವು, ವಿಭೂತಿಯ ಪಟ್ಟೆಯ ಸಮೇತ. ಓದಬಲ್ಲವರು ಇದ್ದಾಗ ನಾವು ಕಟ್ಟು ಬಿಚ್ಚಲಿಲ್ಲ. ಕಟ್ಟು ಬಿಚ್ಚಿದಾಗ ಓದಬಲ್ಲವರು ಇರಲಿಲ್ಲ. ಯಾವ ಶರಣರ ಮಾತು, ಯಾವ ಕವಿಯ ಕೃತಿ, ಯಾವ ವೈದ್ಯನ ಅನುಭವ ಆ ಗರಿಗಳಲ್ಲಿ ಇತ್ತೋ, ಶಿವನಿಗೇ ಗೊತ್ತು. ಗೆದ್ದಲಿನ ಮೇಲೆ ತಪ್ಪು ಹೊರಿಸಿ ನಾವು ಕೈ ತೊಳೆದುಕೊಳ್ಳಲಾಗದು. ಗೆದ್ದಲಿಗೆ ಹನ್ನೆರಡು ವರ್ಷ ಅವಕಾಶ ಕೊಟ್ಟವರು ನಾವು.

ಹಿಂಜರಿಕೆ ಹಿಂಜರಿಕೆಯ ವೇಷದಲ್ಲಿಯೇ ಬಂದರೆ ಮನುಷ್ಯ ಅದನ್ನು ಗುರುತಿಸಿಯಾನು. ಅದು ಹಾಗೆ ಬರುವುದಿಲ್ಲ. ಹುಡುಗನ ಹತ್ತಿರ ಗ್ರಹಗತಿಯ ವೇಷದಲ್ಲಿ ಬಂತು, ನಮ್ಮ ಹತ್ತಿರ ಪೂಜೆಯ ವೇಷದಲ್ಲಿ ಬಂತು. ಇನ್ನೊಬ್ಬರಲ್ಲಿ ವಿನಯವಾಗಿ ಬರುತ್ತದೆ, ಅಷ್ಟು ದೊಡ್ಡ ಕೆಲಸಕ್ಕೆ ನಾನೆಲ್ಲಿಯವನು ಎನ್ನಿಸುತ್ತದೆ. ಮತ್ತೊಬ್ಬರಲ್ಲಿ ಸಂಸಾರದ ಹೊಣೆಯಾಗಿ ಬರುತ್ತದೆ, ಮಗಳ ಮದುವೆಯಾಗಲಿ, ಮನೆ ಕಟ್ಟಿ ಮುಗಿಯಲಿ ಎನ್ನಿಸುತ್ತದೆ. ಕುರುಕ್ಷೇತ್ರದಲ್ಲಿ ಬಿಲ್ಲು ಕೆಳಗಿಟ್ಟು ರಥದಲ್ಲಿ ಕುಸಿದು ಕುಳಿತ ಅರ್ಜುನ ನನಗೆ ಭಯವಾಗಿದೆ ಎಂದು ಹೇಳಲಿಲ್ಲ. ಕುಲಧರ್ಮದ ಮಾತಾಡಿದ, ಪಾಪಪುಣ್ಯದ ಮಾತಾಡಿದ, ಪಿತೃಗಳ ಗತಿಯ ಮಾತಾಡಿದ. ಹಿಂಜರಿಯುವ ಮನಸ್ಸಿಗೆ ಶಾಸ್ತ್ರ ಎಂದೂ ಕಡಿಮೆ ಬೀಳುವುದಿಲ್ಲ.

ನಮ್ಮ ಜನ ಇದಕ್ಕೆ ಮೀನಮೇಷ ಎಣಿಸುವುದು ಎಂದು ಹೆಸರಿಟ್ಟಿದ್ದಾರೆ. ರಾಶಿಚಕ್ರದಲ್ಲಿ ಮೇಷ ಮೊದಲನೆಯದು, ಮೀನ ಕೊನೆಯದು. ಎಣಿಸುತ್ತ ಮೀನಕ್ಕೆ ಬಂದವನು ಮತ್ತೆ ಮೇಷಕ್ಕೇ ಬಂದು ನಿಲ್ಲಬೇಕು. ಆ ಎಣಿಕೆಗೆ ಕೊನೆಯೆಂಬುದಿಲ್ಲ. ಹನ್ನೆರಡನೆಯ ಶತಮಾನದ ಶರಣರು ತಿಥಿ ವಾರ ಮುಹೂರ್ತಗಳ ಭಯವನ್ನು ಒಪ್ಪಲಿಲ್ಲ. ಅವರ ಹೆಸರು ಹೇಳಿಕೊಂಡು ನಡೆಯುವ ಮಠಗಳಿಗೇ ಜನ ಮುಹೂರ್ತ ಕೇಳಿಕೊಂಡು ಬರುತ್ತಾರೆ, ನಾವೂ ಪಂಚಾಂಗ ತೆಗೆದು ನೋಡುತ್ತೇವೆ. ಇದು ನಗುವ ವಿಷಯವೋ ಅಳುವ ವಿಷಯವೋ ನಮಗೇ ತಿಳಿಯದು. ಆದರೆ ಇಷ್ಟಂತೂ ಕಂಡಿದ್ದೇವೆ. ಮಾಡಲೇಬೇಕೆಂದು ನಿಶ್ಚಯಿಸಿದವನು ಇದ್ದುದರಲ್ಲಿ ಹತ್ತಿರದ ಮುಹೂರ್ತ ಕೇಳುತ್ತಾನೆ. ಅಳುಕುವವನು ಒಳ್ಳೆಯ ಮುಹೂರ್ತ ಕೇಳುತ್ತಾನೆ.

ಹಾಗಾದರೆ ಕಾಯುವುದೇ ತಪ್ಪೇ ಎಂದು ಯಾರಾದರೂ ಕೇಳಬಹುದು. ಅಲ್ಲ. ಎರಿಯ ಹೊಲದ ರೈತನನ್ನು ನೋಡಿರಿ. ವಿಜಯಪುರದ ಕಡೆಯ ಕಪ್ಪು ಮಣ್ಣಿನಲ್ಲಿ ಹಿಂಗಾರಿ ಜೋಳ ಬಿತ್ತುವವನು ಮುಂಗಾರಿನುದ್ದಕ್ಕೂ ಹೊಲವನ್ನು ಬರಿದು ಬಿಟ್ಟು, ಹರಗಿ, ನೀರು ಕುಡಿಸಿ ಕಾಯುತ್ತಾನೆ. ಉತ್ತರಿ, ಹಸ್ತ ಮಳೆಗಳು ಸುರಿದ ಮರುದಿನವೇ ಕೂರಿಗೆ ಹೂಡಿದರೆ ಮಣ್ಣು ಕೂರಿಗೆಯ ತಾಳಿಗೆ ಅಂಟಿಕೊಂಡು ಸಾಲು ಬೀಳುವುದಿಲ್ಲ. ಆದುದರಿಂದ ದಿನಕ್ಕೆರಡು ಬಾರಿ ಹೊಲಕ್ಕೆ ಹೋಗಿ ಮಣ್ಣನ್ನು ಹಿಡಿಯಲ್ಲಿ ಹಿಸುಕಿ ನೋಡುತ್ತಾನೆ. ಹಿಡಿಯಲ್ಲಿ ಉಂಡೆಯಾಗಿ, ಬೆರಳು ತಾಗಿಸಿದರೆ ಪುಡಿಯಾಗುವ ದಿನ ಬಂತೆಂದರೆ ಅದೇ ಹದ. ಹದ ಬಂದ ಮೇಲೆ ಅವನು ಯಾರ ಮಾತನ್ನೂ ಕೇಳುವುದಿಲ್ಲ. ಮನೆಯಲ್ಲಿ ಬೀಗರಿದ್ದರೂ ಎತ್ತು ಹೂಡುತ್ತಾನೆ. ಎತ್ತಿಲ್ಲದವನು ಟ್ರ್ಯಾಕ್ಟರಿನವನ ಮನೆಯ ಮುಂದೆ ರಾತ್ರಿಯೇ ಹೋಗಿ ಕೂಡುತ್ತಾನೆ. ಏಕೆಂದರೆ ಮೇಲಿನ ಹಸಿ ನಾಲ್ಕು ದಿನದಲ್ಲಿ ಆರುತ್ತದೆ. ಆಮೇಲೆ ಬಿತ್ತಿದ ಬೀಜ ಮಣ್ಣಿನಲ್ಲಿ ಸುಮ್ಮನೆ ಮಲಗಿರುತ್ತದೆ, ಇಲ್ಲವೆ ಇರುವೆಯ ಪಾಲಾಗುತ್ತದೆ.

ಈ ರೈತನೂ ಕಾಯುತ್ತಾನೆ, ನಮ್ಮ ಹುಡುಗನೂ ಕಾಯುತ್ತಾನೆ. ವ್ಯತ್ಯಾಸವೆಲ್ಲಿದೆ? ರೈತ ಕಾಯುವಾಗ ಅವನ ಕೈ ಮಣ್ಣಿನಲ್ಲಿದೆ. ದಿನದಿನವೂ ಮುಟ್ಟಿ ನೋಡುತ್ತಾನೆ. ಯಾವುದಕ್ಕೆ ಕಾಯುತ್ತಿದ್ದೇನೆಂಬುದು ಅವನಿಗೆ ಖಚಿತವಾಗಿ ಗೊತ್ತು, ಅದು ಬಂದ ದಿನ ಗುರುತು ಸಿಗುತ್ತದೆ. ಅಳುಕುವವನು ಮುಟ್ಟುವುದೇ ಇಲ್ಲ. ಅವನ ಹದಕ್ಕೆ ಗುರುತಿಲ್ಲ. ಒಂದು ನೆವ ತೀರಿದರೆ ಅದರ ಜಾಗಕ್ಕೆ ಇನ್ನೊಂದು ಬಂದು ಕೂರುತ್ತದೆ. ನಾವು ಹನ್ನೆರಡು ವರ್ಷ ಕಾದೆವಲ್ಲ, ಒಂದು ದಿನವಾದರೂ ಕಟ್ಟಿನ ಗಂಟು ಬಿಚ್ಚಿ, ಮೇಲಿನ ಒಂದು ಗರಿಯ ಅಂಚು ಗಟ್ಟಿಯಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿದ್ದೆವೇ? ಇಲ್ಲ. ಅದಕ್ಕೇ ಅದು ಕಾಯುವುದಾಗಿರಲಿಲ್ಲ. ಇನ್ನೊಂದು ಮಾತು. ರೈತ ಬಿತ್ತುವ ದಿನ ಮುಂದಿನ ಚಿತ್ತಿ ಮಳೆ ಬಂದೀತೆಂದು ಯಾರೂ ಅವನಿಗೆ ಬರೆದು ಕೊಟ್ಟಿರುವುದಿಲ್ಲ. ಕೈಯಲ್ಲಿದ್ದ ಬೀಜವನ್ನು ನೆಲಕ್ಕೆ ಹಾಕಿಬಿಡುತ್ತಾನೆ.

ನಮ್ಮ ಕಟ್ಟುಗಳು ಮಣ್ಣಾದ ಆ ರಾತ್ರಿ ನಮಗೆ ನೆನಪಾದವರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ಅವರ ಕೈಗೂ ಹೀಗೆಯೇ ಕಟ್ಟುಗಳು ಬಂದಿದ್ದವು.

ಹಳಕಟ್ಟಿಯವರು 1880ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ಮುಂಬಯಿಯಲ್ಲಿ ಕಾಲೇಜು ಓದಿ, ಕಾನೂನು ಪದವಿ ಪಡೆದು ವಿಜಾಪುರಕ್ಕೆ ಬಂದು ವಕೀಲಿ ಹಿಡಿದರು. 1903ರ ಸುಮಾರಿಗೆ ರಬಕವಿ–ಬನಹಟ್ಟಿಯ ಕಡೆ ಒಂದು ಮನೆಯಲ್ಲಿ ಅವರಿಗೆ ವಚನಗಳ ತಾಡೋಲೆಗಳು ಕಣ್ಣಿಗೆ ಬಿದ್ದವು. ಆ ಕಾಲದಲ್ಲಿ ಮನೆಮನೆಯ ಜಗಲಿಯ ಮೇಲೆ, ಮಠಮಠದ ಅಟ್ಟದ ಮೇಲೆ ಇಂಥ ಕಟ್ಟುಗಳಿದ್ದವು. ಪೂಜೆಯೂ ನಡೆಯುತ್ತಿತ್ತು. ನೋಡಿದವರು ನಮಸ್ಕಾರ ಮಾಡಿ ಮುಂದೆ ಹೋಗುತ್ತಿದ್ದರು. ಹಳಕಟ್ಟಿಯವರು ಬಿಚ್ಚಿ ಓದಿದರು.

ಇಲ್ಲಿ ಸ್ವಲ್ಪ ನಿಂತು ವಿಚಾರಿಸಬೇಕು. ಅವರು ಆಗ ಇಪ್ಪತ್ತಮೂರರ ತರುಣ. ಕಲಿತದ್ದು ಕಾಯಿದೆ. ಪಂಡಿತ ಪರಂಪರೆಯಲ್ಲಿ ಬೆಳೆದವರಲ್ಲ. ತಾಡೋಲೆಯ ಬರಹವೆಂದರೆ ಇಂದಿನ ಅಚ್ಚಿನ ಪುಸ್ತಕದಂತಲ್ಲ. ಪದ ಪದಗಳ ನಡುವೆ ಜಾಗ ಬಿಟ್ಟಿರುವುದಿಲ್ಲ. ಎಕಾರ ಒಕಾರಗಳಲ್ಲಿ ಹ್ರಸ್ವ ಯಾವುದು, ದೀರ್ಘ ಯಾವುದು ಎಂಬ ಗುರುತಿರುವುದಿಲ್ಲ. ಒಂದು ವಚನ ಮುಗಿದು ಇನ್ನೊಂದು ಎಲ್ಲಿ ತೊಡಗಿತೆಂಬುದನ್ನು ಓದುವವನೇ ಅಂಕಿತ ನೋಡಿ ಹುಡುಕಿಕೊಳ್ಳಬೇಕು. ಇದು ಪಂಡಿತರ ಕೆಲಸ, ನನ್ನದಲ್ಲ ಎಂದು ಹೇಳಿ ಕೈಬಿಡಲು ಅವರಿಗೆ ನಮಗಿಂತ ಹೆಚ್ಚಿನ ಕಾರಣವಿತ್ತು. ಅವರಿಗೂ ಅಳುಕು ಇರಲಿಲ್ಲವೆಂದು ಹೇಳಲು ನಾವಾರು? ಇದ್ದಿರಬಹುದು. ಆದರೆ ಅವರು ಒಂದು ಕಟ್ಟನ್ನು ಕೈಯಾರೆ ನಕಲು ಮಾಡಲು ಕುಳಿತರು. ಅದು ಮುಗಿದ ಮೇಲೆ ಇನ್ನೊಂದು. ಹಗಲು ಕೋರ್ಟಿನ ಕೆಲಸ, ಬಿಡುವಿನಲ್ಲಿ ಊರೂರು ತಿರುಗಿ ಕಟ್ಟು ಬೇಡುವ ಕೆಲಸ. ಕೊಟ್ಟವರೂ ಇದ್ದರು, ಪೂಜೆಯ ವಸ್ತು ಹೊರಗೆ ಕೊಡುವುದಿಲ್ಲ ಎಂದವರೂ ಇದ್ದರು. ಅಂಥವರ ಸಾಲಿನಲ್ಲಿ ನಮ್ಮಂಥ ಸ್ವಾಮಿಗಳೂ ಇದ್ದಿರಬೇಕೆಂಬುದರಲ್ಲಿ ನಮಗೆ ಸಂಶಯವಿಲ್ಲ.

ಈ ಮಧ್ಯೆ 1910ರಲ್ಲಿ ವಿಜಾಪುರದಲ್ಲಿ ವಿದ್ಯಾಸಂಸ್ಥೆ ಕಟ್ಟುವುದರಲ್ಲಿ ಕೈಗೂಡಿಸಿದರು. ಸಹಕಾರಿ ಬ್ಯಾಂಕು ಕಟ್ಟಿದರು. ವಚನಗಳನ್ನು ಅಚ್ಚು ಹಾಕಿಸಬೇಕೆಂದು ಹಸ್ತಪ್ರತಿಯನ್ನು ಮಂಗಳೂರಿನ ಹೆಸರಾದ ಮುದ್ರಣಾಲಯಕ್ಕೆ ಕಳುಹಿಸಿದರು. ಅದು ಅಚ್ಚಾಗದೆ ಹಿಂದಿರುಗಿ ಬಂತು. ಬೇರೆ ಯಾರಾದರೂ ಆಗಿದ್ದರೆ ಶಿವನಿಗೇ ಮನಸ್ಸಿಲ್ಲ ಎಂದು ಪೆಟ್ಟಿಗೆಯಲ್ಲಿಡುತ್ತಿದ್ದರು. ಹಳಕಟ್ಟಿಯವರು ಬೆಳಗಾವಿಯಲ್ಲಿ ಅಚ್ಚು ಹಾಕಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂತು. ಕಟ್ಟು ಕಣ್ಣಿಗೆ ಬಿದ್ದದ್ದು 1903ರ ಸುಮಾರಿಗೆ, ಪುಸ್ತಕ ಕೈಗೆ ಬಂದದ್ದು 1923ರಲ್ಲಿ. ಇಪ್ಪತ್ತು ವರ್ಷ.

ಮುಂದೆ ಇದ್ದ ಮನೆಯನ್ನು ಮಾರಿ ವಿಜಾಪುರದಲ್ಲಿ ‘ಹಿತಚಿಂತಕ’ ಎಂಬ ಸ್ವಂತ ಮುದ್ರಣಾಲಯ ಹಾಕಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ, 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆ. 1926ರಲ್ಲಿಯೇ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ. ಅವರು ಕೈ ಹಾಕುವ ಮೊದಲು ಕೆಲವೇ ವಚನಕಾರರ ಹೆಸರು ಜನಕ್ಕೆ ಗೊತ್ತಿತ್ತು. ಅವರ ದುಡಿಮೆಯಿಂದ ಇನ್ನೂರಕ್ಕೂ ಮಿಕ್ಕಿ ವಚನಕಾರರು ಬೆಳಕಿಗೆ ಬಂದರು. 1964ರಲ್ಲಿ ಅವರು ಲಿಂಗೈಕ್ಯರಾದ ಮೇಲೂ ಆ ಕೆಲಸ ನಿಲ್ಲಲಿಲ್ಲ. 1993ರಲ್ಲಿ ಕರ್ನಾಟಕ ಸರ್ಕಾರ ‘ಸಮಗ್ರ ವಚನ ಸಂಪುಟ’ವನ್ನು 15 ಸಂಪುಟಗಳಲ್ಲಿ ಹೊರತಂದಿತು. ಅದರಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಿವೆ. ಇಂದು ಶಾಲೆಯ ಮಗು ಪಾಠದ ಪುಸ್ತಕದಲ್ಲಿ ವಚನ ಓದಿದರೆ, ಅದರ ಹಿಂದೆ ಆ ವಕೀಲರು ನಕಲು ಮಾಡಲು ಕುಳಿತ ಮೊದಲ ದಿನವಿದೆ.

ಈ ಚರಿತ್ರೆಯಲ್ಲಿ ನಮ್ಮ ಮನಸ್ಸನ್ನು ಬಹಳ ಕಾಡಿದ ಅಂಶ ಬೇರೆ. ಆ ಮೊದಲ ದಿನ ಯಾರಾದರೂ ಬಂದು ಇಡೀ ಲೆಕ್ಕವನ್ನು ಅವರ ಮುಂದಿಟ್ಟಿದ್ದರೆ? ಈ ಕಟ್ಟು ಬಿಚ್ಚಿದರೆ ಇಪ್ಪತ್ತು ವರ್ಷ ಫಲ ಕಾಣುವುದಿಲ್ಲ, ಅಚ್ಚಿಗೆ ಕೊಟ್ಟದ್ದು ಹಿಂದಕ್ಕೆ ಬರುತ್ತದೆ, ಮನೆ ಮಾರಬೇಕಾಗುತ್ತದೆ, ಮುದ್ರಣಾಲಯ ನಡೆಸಲು ಕಲಿಯಬೇಕಾಗುತ್ತದೆ, ಕೊನೆಯವರೆಗೂ ಕೈ ತುಂಬ ಹಣ ನಿಲ್ಲುವುದಿಲ್ಲ ಎಂದು ಹೇಳಿದ್ದರೆ ಯಾವ ಮನುಷ್ಯ ಗಂಟಿಗೆ ಕೈ ಹಾಕುತ್ತಿದ್ದ? ದಾರಿ ತನ್ನ ಬೆಲೆಯನ್ನೆಲ್ಲ ಒಮ್ಮೆಗೇ ಕೇಳುವುದಿಲ್ಲ. ಕಟ್ಟು ಬಿಚ್ಚುವ ದಿನ ಬೇಕಾದದ್ದು ಎರಡು ಕೈ, ಒಂದು ದೀಪ. ಅಚ್ಚಿನ ಚಿಂತೆ ಅಚ್ಚಿನ ಕಾಲಕ್ಕೆ ಬಂತು. ಮನೆಯ ಚಿಂತೆ ಮನೆಯ ಕಾಲಕ್ಕೆ ಬಂತು, ಅಷ್ಟರಲ್ಲಿ ಅದನ್ನು ಹೊರುವ ಶಕ್ತಿಯೂ ಬಂದಿತ್ತು. ಹಿಂಜರಿಯುವವನು ಮಾಡುವುದೇನೆಂದರೆ, ಇಪ್ಪತ್ತು ವರ್ಷಗಳ ಭಾರವನ್ನೆಲ್ಲ ಮೊದಲ ದಿನದ ತಲೆಯ ಮೇಲೆ ಹೊರಿಸಿ, ಏಳಲಾಗದೆ ಕುಳಿತುಕೊಳ್ಳುತ್ತಾನೆ.

ಆದರೆ ಮೊದಲ ಹೆಜ್ಜೆ ಹಗುರ ಎಂದು ನಾವು ಹೇಳಿದೆವೆಂದು ತಿಳಿಯಬಾರದು. ಚಿಕ್ಕದು, ಹಗುರವಲ್ಲ. ಇದನ್ನು ಕುರಿತು ‘ಸಿದ್ಧಾಂತಶಿಖಾಮಣಿ’ಯ ಒಂದು ಲೆಕ್ಕ ನೋಡತಕ್ಕದ್ದು. ಅದರಲ್ಲಿ 101 ಸ್ಥಲಗಳು. 44 ಅಂಗಸ್ಥಲ, 57 ಲಿಂಗಸ್ಥಲ. ಸಾಧಕ ಏರಬೇಕಾದ ಅಂಗಸ್ಥಲಗಳು ಆರು ಮೆಟ್ಟಿಲುಗಳಲ್ಲಿ ಹೇಗೆ ಹಂಚಿಕೆಯಾಗಿವೆ? ಮೊದಲನೆಯ ಭಕ್ತಸ್ಥಲಕ್ಕೆ 15. ಮಾಹೇಶ್ವರಕ್ಕೆ 9. ಪ್ರಸಾದಿಗೆ 7. ಪ್ರಾಣಲಿಂಗಿಗೆ 5. ಶರಣನಿಗೆ 4, ಐಕ್ಯನಿಗೆ 4. ನಾವು ಪಾಠಶಾಲೆಯಲ್ಲಿ ಬಾಯಿಪಾಠ ಮಾಡುವಾಗ ಇದು ಬರಿಯ ಸಂಖ್ಯೆಯಾಗಿತ್ತು. ಎಷ್ಟೋ ವರ್ಷಗಳ ಮೇಲೆ ಹೊಳೆಯಿತು. ಇಡೀ ಏರಿಕೆಯ ಮೂರನೆಯ ಒಂದು ಪಾಲು ಮೊದಲನೆಯ ಮೆಟ್ಟಿಲಿನಲ್ಲಿಯೇ ಇದೆ. ಐಕ್ಯವೆಂದರೆ ಬಹಳ ಕಠಿಣ, ಭಕ್ತನಾಗುವುದು ಸುಲಭ ಎಂದು ನಾವು ತಿಳಿದಿರುತ್ತೇವೆ. ಶಾಸ್ತ್ರಕಾರನು ಹಾಗೆ ತಿಳಿಯಲಿಲ್ಲ. ತೊಡಗುವವನಿಗೇ ಹೆಚ್ಚು ಮೆಟ್ಟಿಲು, ಹೆಚ್ಚು ಮಾತು, ಹೆಚ್ಚು ಆಸರೆ ಬೇಕೆಂದು ಬಗೆದ. ಇನ್ನೂ ಒಂದು ಸೂಕ್ಷ್ಮವಿದೆ. ಆರು ಸ್ಥಲಗಳಲ್ಲಿ ಒಂದೊಂದರಲ್ಲಿಯೂ ಮತ್ತೆ ಆರೂ ಅಡಗಿವೆ ಎಂದು ಹೇಳಿ 36 ಮಾಡುವ ಕ್ರಮ ನಮ್ಮಲ್ಲಿದೆ. ಆ ಲೆಕ್ಕದಲ್ಲಿ ಭಕ್ತನೊಳಗೆ ಐಕ್ಯನೂ ಇದ್ದಾನೆ.

ಇದು ನಮ್ಮ ಅನುಭವಕ್ಕೂ ಬಂತು. ನಾಲ್ಕನೆಯ ಕಟ್ಟು ಉಳಿದಿತ್ತಲ್ಲ, ಆ ರಾತ್ರಿಯೇ ಒಂದು ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗಕ್ಕೆ ಪತ್ರ ಬರೆದೆವು. ಹನ್ನೆರಡು ವರ್ಷ ಬರೆಯಲಾಗದ ಪತ್ರ ಅರ್ಧ ಗಂಟೆಯಲ್ಲಿ ಮುಗಿಯಿತು. ತಿಂಗಳೊಪ್ಪತ್ತಿನಲ್ಲಿ ಇಬ್ಬರು ಬಂದರು. ಒಣಗಿದ ಗರಿಗಳಿಗೆ ನಿಂಬೆಹುಲ್ಲಿನ ಎಣ್ಣೆ ಸವರಿ ಮೆತ್ತಗೆ ಮಾಡಿ, ಕಾಡಿಗೆ ತಿಕ್ಕಿ ಒರೆಸಿದರು. ಕಂಠದಿಂದ ಕೊರೆದ ಅಕ್ಷರಗಳಲ್ಲಿ ಕಪ್ಪು ಕುಳಿತು ಸಾಲುಗಳು ಎದ್ದು ಕಂಡವು. ಅಷ್ಟು ಸುಲಭದ ಕೆಲಸ. ಅವರಿಂದಲೇ ಅಕ್ಷರ ಕೇಳಿಕೊಂಡು ನಾವೂ ಓದಲು ಕುಳಿತೆವು. ಮೊದಲನೆಯ ಗರಿಗೆ ಮೂರು ದಿನ ಹಿಡಿಯಿತು. ಹತ್ತನೆಯದಕ್ಕೆ ಒಂದು ಹೊತ್ತು. ನಲವತ್ತನೆಯದನ್ನು ಪೂಜೆ ಮುಗಿಸಿ ಪ್ರಸಾದಕ್ಕೆ ಏಳುವುದರೊಳಗೆ ಓದಿದೆವು. ಅದರಲ್ಲಿ ಏನಿತ್ತೆಂದು ಭಕ್ತರು ಕೇಳುತ್ತಾರೆ. ಅರ್ಧ ದನಗಳ ವೈದ್ಯ, ಉಳಿದರ್ಧ ಮಠದ ಹೊಲಗಳ ಲಾವಣಿಯ ಲೆಕ್ಕ. ಇಷ್ಟು ವರ್ಷ ನಾವು ಮಂಗಳಾರತಿ ಎತ್ತಿದ್ದು ಎತ್ತಿನ ಹೊಟ್ಟೆಯುಬ್ಬರದ ಮದ್ದಿಗೆ. ನಕ್ಕೆವು. ಆದರೆ ಮಣ್ಣಾದ ಎರಡರಲ್ಲಿ ಏನಿತ್ತೋ ಎಂಬ ನೋವು ಆ ನಗೆಯಿಂದ ಹೋಗಲಿಲ್ಲ.

ಇದಕ್ಕೆ ಎದುರಾದ ದೋಷವೂ ಒಂದಿದೆ, ಅದನ್ನೂ ಹೇಳಿಬಿಡುತ್ತೇವೆ. ಆರಂಭಶೂರರು. ಬೋರ್ಡು ಬರೆಸುವುದು, ರಿಬ್ಬನ್ ಕತ್ತರಿಸುವುದು, ಸ್ವಾಮಿಗಳನ್ನು ಕರೆಸಿ ಫೋಟೊ ತೆಗೆಸಿಕೊಳ್ಳುವುದು, ಮೂರನೆಯ ತಿಂಗಳಿಗೆ ಬೀಗ. ಇಂಥ ಉದ್ಘಾಟನೆಗಳಿಗೆ ಹೋಗಿ ಹೋಗಿ ನಮಗೂ ಸಾಕಾಗಿದೆ. ಭರ್ತೃಹರಿ ವಿಘ್ನಭಯದಿಂದ ತೊಡಗದವನನ್ನು ಕೆಳಗಿನ ಸಾಲಿನಲ್ಲಿಯೂ, ತೊಡಗಿ ವಿಘ್ನ ಬಂದೊಡನೆ ಬಿಡುವವನನ್ನು ನಡುವಿನ ಸಾಲಿನಲ್ಲಿಯೂ ಕೂಡಿಸಿದ್ದಾನೆ. ಬಿಟ್ಟವನಿಗೂ ತೊಡಗದವನಿಗಿಂತ ಒಂದು ಪೀಠ ಮೇಲೆ. ನಾವು ಸಾಮಾನ್ಯವಾಗಿ ಉಲ್ಟಾ ಮಾಡುತ್ತೇವೆ. ಅಂಗಡಿ ಹಾಕಿ ಮುಚ್ಚಿದವನನ್ನು ಆಡಿಕೊಳ್ಳುತ್ತೇವೆ, ಹಾಕದೆ ಕುಳಿತವನನ್ನು ಜಾಣ ಎನ್ನುತ್ತೇವೆ. ಊರಿನ ಈ ನಾಲಿಗೆಯೇ ಎಷ್ಟು ಹುಡುಗರ ಕಾಲು ಕಟ್ಟಿದೆಯೋ.

ಈಗ ಆ ತರುಣನ ಕಡೆಗೆ ಬರೋಣ. ಅವನಿಗೆ ಅಂದು ನಾವು ಉಪದೇಶ ಮಾಡಲಿಲ್ಲ ಎಂದೆವಷ್ಟೆ. ನಮ್ಮ ಕಟ್ಟುಗಳ ಕಥೆ ಹೇಳಿದೆವು. ಹಲಗೆಗಳನ್ನು ತರಿಸಿ ತೋರಿಸಿದೆವು. ಬಹಳ ಹೊತ್ತು ಕೈಯಲ್ಲಿ ಹಿಡಿದು ನೋಡಿದ. ಆ ವಾರವೇ ಮಠದ ತೋಟದ ಬಾವಿಯ ಐದು ಹೆಚ್.ಪಿ. ಮೋಟಾರು ಸುಟ್ಟು ಕುಳಿತಿತ್ತು. ಕಾರಭಾರಿಗಳು ತಾಲ್ಲೂಕಿನ ಊರಿಗೆ ಕಳುಹಿಸುವವರಿದ್ದರು. ‘ಇದನ್ನ ನೀ ಒಯ್ಯಿ. ಅಂಗಡಿ ಬ್ಯಾಡ, ಬೋರ್ಡ್ ಬ್ಯಾಡ. ನಿಮ್ಮ ಮನಿ ಪಡಸಾಲ್ಯಾಗ ಕುಂತು ಕಟ್ಟು’ ಎಂದೆವು. ಅವನ ಮುಖ ಬಿಳುಪೇರಿತು. ಬೇರೆ ಯಾರದಾದರೂ ಆಗಿದ್ದರೆ ಸರಿ, ಮಠದ ಮೋಟಾರು! ಆದರೂ ಒಯ್ದ.

ಕಟ್ಟಿ ತಂದು ಕೂಡಿಸಿದ. ನಾಲ್ಕು ದಿನ ನೀರೆತ್ತಿತು. ಐದನೆಯ ದಿನ ಮತ್ತೆ ಸುಟ್ಟಿತು.

ಸುದ್ದಿ ಊರೆಲ್ಲ ಹರಡಿತು. ಹುಡುಗ ಒಂದು ವಾರ ಮಠದ ಕಡೆ ಸುಳಿಯಲಿಲ್ಲ. ನಮಗೂ ಕಸಿವಿಸಿಯಾಯಿತು, ನಾವೇ ಅವಸರ ಮಾಡಿಸಿದೆವೇನೋ ಎಂದು. ಎಂಟನೆಯ ದಿನ ನಸುಕಿನಲ್ಲಿ ಪೂಜೆಗೆ ಏಳುವ ಹೊತ್ತಿಗೆ ಹೊರಗೆ ಬಂದು ನಿಂತಿದ್ದ. ‘ವಾರ್ನಿಶ್ ಪೂರಾ ಒಣಗೋಕಿಂತ ಮೊದಲ ಕೂಡಿಸಿಬಿಟ್ನಿರಿ ಅಜ್ಜಾರ. ಭಾಳ ದಿನ ಇಟ್ಕೊಂಡ್ರ ಮಂದಿ ಏನಂದಾರು ಅಂತ ಗಡಬಡಿ ಮಾಡಿದೆ. ಇನ್ನೊಮ್ಮಿ ಕೊಡ್ರಿ’ ಎಂದ. ಅಳುಕಿಗೆ ಅವಸರವೂ ಒಡಹುಟ್ಟಿದ್ದೆಂದು ನಮಗೆ ಆಗ ತಿಳಿಯಿತು. ಮೋಟಾರು ಮತ್ತೆ ಅವನ ಪಡಸಾಲೆಗೆ ಹೋಯಿತು. ಈ ಸಲ ಹನ್ನೊಂದು ದಿನ ಇಟ್ಟುಕೊಂಡ. ಕಾರಭಾರಿಗಳು ಗೊಣಗಿದರು. ತೆಂಗಿನ ಸಸಿಗಳಿಗೆ ಕೊಡದಲ್ಲಿ ನೀರು ಹೊರಬೇಕಾಯಿತು. ಆದರೆ ಕೂಡಿಸಿದ ಮೇಲೆ ಅದು ಇಂದಿನವರೆಗೆ ನಡೆದಿದೆ. ಊರ ಮಂದಿ ಸುಟ್ಟ ಮೋಟಾರಿನ ಮಾತನ್ನು ಹತ್ತು ದಿನ ಆಡಿಕೊಂಡರು. ಹನ್ನೊಂದನೆಯ ದಿನ ಅವರಲ್ಲೊಬ್ಬನ ಮೋಟಾರೇ ಸುಟ್ಟಿತು. ಕಬ್ಬು ಒಣಗುತ್ತಿತ್ತು, ತಾಲ್ಲೂಕು ದೂರ. ಪಡಸಾಲೆಗೇ ಹೊತ್ತು ತಂದ.

ಇದು ಎರಡು ವರ್ಷಗಳ ಹಿಂದಿನ ಮಾತು. ಈ ಶ್ರಾವಣದಲ್ಲಿಯೂ ಹುಡುಗ ಬಂದಿದ್ದ. ಪಾದ ಮುಟ್ಟಿ ಎದ್ದು, ಮುಹೂರ್ತ ಕೇಳಲಿಲ್ಲ, ಆಶೀರ್ವಾದವನ್ನೂ ಕೇಳಲಿಲ್ಲ. ಏನೋ ಹೇಳಲು ಹೋಗಿ ನಿಂತ. ಮತ್ತೆ ಹಳೆಯ ಚಾಳಿಯೇ ಎಂದುಕೊಂಡು ಏನಪ್ಪಾ ಎಂದೆವು. ಚೀಲದಿಂದ ಅಚ್ಚು ಹಾಕಿಸಿದ ಬಿಲ್ ಪುಸ್ತಕ ತೆಗೆದ. ‘ಎರಡನೇ ಸಲ ಹಾಕಿದ ತಂತಿ ನನ್ನ ತಪ್ಪಿಗಿ ಹೋತ್ರಿ ಅಜ್ಜಾರ, ಅದು ಬ್ಯಾಡ. ಮೊದಲನೇ ಸಲದ ತಾಮ್ರದ ತಂತೀದು ರೊಕ್ಕ ಮಠದಿಂದ ಬಾಕಿ ಐತ್ರಿ. ಎರಡು ವರ್ಷಾತು, ಕೇಳಾಕ ಬಾಯಿ ಬಂದಿರಲಿಲ್ಲ.’

ನಮಗೇ ಸಂಕೋಚವಾಯಿತು. ಕಾರಭಾರಿಗಳನ್ನು ಕರೆದೆವು. ಅವರು ಕನ್ನಡಕ ಏರಿಸಿಕೊಂಡು, ಬಿಲ್ಲನ್ನು ತಿರುಗಿಸಿ ತಿರುಗಿಸಿ ನೋಡಿ, ಒಳಗೆ ಹೋಗಿ ಹಣ ತಂದು ಎಣಿಸಿ ಕೊಟ್ಟರು. ಹುಡುಗ ಅದನ್ನು ಮತ್ತೊಮ್ಮೆ ಎಣಿಸಿಕೊಂಡ, ನಮ್ಮೆದುರಿಗೇ.